ಕೇಳಿ, ಹೇಳ್ತೀನಿ: ಸೂಜಿ ಚುಚ್ಚಿಸ್ಕೊಳ್ಳೋದಾ, ಎಣ್ಣೆ ತಿಕ್ಕಿಸ್ಕೊಳ್ಳೋದಾ?

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ನೋವಿನದ್ದೇ. ಅಡಿಕೆ ಸುಲಿಗೆ ಮುಗೀತಾ ಬಂತಲ್ಲ, ಈಗ ಸೊಂಟ ಲೆಕ್ಕ ಕೇಳೋ ಟೈಮು. ಮೊದಲೇ ಹೇಳ್ಬಿಡ್ತೀನಿ, ನಾನು ತಾಲೂಕು ಆಸ್ಪತ್ರೇಲಿ ಕೆಲಸ ಮಾಡಿ ರಿಟೈರ್ ಆದ ಇಂಗ್ಲಿಷ್ ಮದ್ದಿನ ಡಾಕ್ಟರು, ಸೂಜಿ ಚಿಕಿತ್ಸೆ, ಅಂದ್ರೆ ಆಕ್ಯುಪಂಕ್ಚರ್, ನನ್ನ ಕಸುಬಲ್ಲ. ಆದ್ರೆ ಚುಚ್ಚಿಸ್ಕೊಂಡಿದೀನಿ, ಅದರ ಕಥೆ ಕೆಳಗಿದೆ.

ಪ್ರಶ್ನೆ: ನಮಸ್ಕಾರ ಡಾಕ್ಟ್ರೇ, ನಮ್ಮದು ಹೊಸನಗರದ ಕಡೆ, ನನಗೆ 52. ಸುಲಿಯೋಕೆ ಜನ ಸಿಗದೆ ಈ ಸಲ ಎರಡು ತಿಂಗಳು ನಾನೇ ಮೆಟ್ಟುಗತ್ತಿ ಮುಂದೆ ಕೂತೆ, ಈಗ ಸೊಂಟ ಹಿಡ್ಕೊಂಡು ಬಗ್ಗೋಕಾಗಲ್ಲ, ಕುತ್ತಿಗೆನೂ ಹಂಗೇ. ಬೆಂಗಳೂರಲ್ಲಿರೋ ಮಗ ಶಿವಮೊಗ್ಗಕ್ಕೆ ಹೋಗಿ ಆಕ್ಯುಪಂಕ್ಚರ್ ಮಾಡಿಸು ಅಂತಾನೆ, ಅಲ್ಲಿ ಕೇಳಿದ್ರೆ ಹತ್ತು ಸಿಟ್ಟಿಂಗ್ ಬೇಕು ಅಂದ್ರು. ಇವರು ದುಡ್ಡು ದಂಡ, ಎಣ್ಣೆ ತಿಕ್ಕಿ ಬಿಸಿನೀರು ಹುಯ್ಕೋ ಸಾಕು ಅಂತಾರೆ. ಯಾರ ಮಾತು ಕೇಳ್ಲಿ? ಸೂಜಿ ನೋಯತ್ತಾ?

ಉತ್ತರ: ಅಮ್ಮಾ, ಕೊನೇ ಪ್ರಶ್ನೆಗೆ ಮೊದಲು ಉತ್ತರ ಹೇಳ್ತೀನಿ. ನೀವು ಅಂದ್ಕೊಂಡಷ್ಟು ನೋಯಲ್ಲ. ಇಂಜೆಕ್ಷನ್ ಸೂಜಿ ಔಷಧಿ ಹೋಗೋಕೆ ಒಳಗೆ ಪೊಳ್ಳಾಗಿರತ್ತೆ, ಅದಕ್ಕೇ ದಪ್ಪ. ಇದು ಗಟ್ಟಿ ಸ್ಟೀಲಿನ ತಂತಿ, ಕಾಲು ಮಿಲಿಮೀಟರ್ ಆಸುಪಾಸು, ಬಗ್ಗಿಸಿದ್ರೆ ಬಳುಕತ್ತೆ. ಎರಡು ವರ್ಷದ ಹಿಂದೆ ನನ್ನ ಎಡ ಭುಜ ಹಿಡ್ಕೊಂಡು ಅಂಗಿ ತೋಳಿಗೆ ಕೈ ಹಾಕೋಕಾಗದೆ ಇದ್ದಾಗ, ಹೆಂಡತಿ ಬೈದು ಬೈದು ಕಳಿಸಿದ್ಲು ಅಂತ ಹೋಗಿದ್ದೆ. ಅವರು ಒಂದು ಸಣ್ಣ ಪ್ಲಾಸ್ಟಿಕ್ ಕೊಳವೆ ಭುಜದ ಮೇಲೆ ಇಟ್ಟು ಬೆರಳಿಂದ ಟಕ್ ಅಂತ ತಟ್ಟಿದ್ರು, ಸೊಳ್ಳೆ ಕಚ್ಚಿದಷ್ಟೂ ಆಗ್ಲಿಲ್ಲ. ಆಮೇಲೆ ಸೂಜಿನ ಹಿಂಗೆ ಹಂಗೆ ತಿರುಗಿಸ್ತಾ "ಭಾರ ಅನ್ಸತ್ತಾ ಸರ್, ಜೋಮು ಹಿಡಿದಂಗೆ ಅನ್ಸತ್ತಾ" ಅಂತ ಕೇಳ್ತಾ ಹೋದ್ರು, ಒಂದು ಹಂತದಲ್ಲಿ ಭುಜದೊಳಗೆ ಯಾರೋ ಹೆಬ್ಬೆರಳು ಒತ್ತಿ ಹಿಡಿದಂಗೆ ಆಯ್ತು. ಅದೇ ಬೇಕಿದ್ದಿದ್ದಂತೆ ಅವರಿಗೆ. ಇಪ್ಪತ್ತು ನಿಮಿಷ ಅಲ್ಲಾಡದೆ ಮಲಗು ಅಂದ್ರು, ನಾನು ಗೊರಕೆ ಹೊಡೆದೆ.

ಭುಜ ಸರಿ ಹೋಯ್ತಾ ಅಂದ್ರೆ, ಹೋಯ್ತು. ಸೂಜಿಯಿಂದಾನಾ ಅಂದ್ರೆ, ಪ್ರಮಾಣ ಮಾಡಿ ಹೇಳಕ್ಕಾಗಲ್ಲ. ಜೊತೆಗೆ ಫಿಸಿಯೋಥೆರಪಿ ಮಾಡ್ತಿದ್ದೆ, ಮತ್ತೆ ಈ ಹಿಡ್ಕೊಂಡ ಭುಜ ಅನ್ನೋದು ಎಷ್ಟೋ ಜನಕ್ಕೆ ಒಂದೆರಡು ವರ್ಷದಲ್ಲಿ ತಾನಾಗೇ ಬಿಡೋ ಕಾಯಿಲೆ.

ನಿಮ್ಮ ಸೊಂಟದ ಕಥೆನೂ ಹಿಂಗೇ. ಆಕ್ಯುಪಂಕ್ಚರ್ ಚೀನಾದ್ದು, ನಮ್ಮ ದೇಶಕ್ಕೆ ತಂದಿದ್ದು ಡಾ. ಬಿ.ಕೆ. ಬಸು ಅಂತ, 1938ರಲ್ಲಿ ಡಾ. ಕೋಟ್ನಿಸ್ ಜೊತೆ ಚೀನಾಕ್ಕೆ ಯುದ್ಧದ ಗಾಯಾಳುಗಳನ್ನ ನೋಡೋಕೆ ಹೋದ ಐದು ಡಾಕ್ಟರುಗಳಲ್ಲಿ ಒಬ್ರು, ಅವರು 1950ರ ದಶಕದ ಕೊನೇಲಿ ಮತ್ತೆ ಚೀನಾಕ್ಕೆ ಹೋಗಿ ಕಲಿತು ಬಂದು ಕಲ್ಕತ್ತಾದಲ್ಲಿ ಶುರು ಮಾಡಿದ್ರು. 2019ರಲ್ಲಿ ಕೇಂದ್ರ ಸರ್ಕಾರನೂ ಇದನ್ನ ಒಂದು ಚಿಕಿತ್ಸಾ ಪದ್ಧತಿ ಅಂತ ಒಪ್ಪಿದೆ. ಆದ್ರೆ ಸರ್ಕಾರ ಒಪ್ಪೋದು ಬೇರೆ, ನಿಮ್ಮ ಸೊಂಟ ಒಪ್ಪೋದು ಬೇರೆ ಅಲ್ವಾ. ಸುಮಾರು ಇಪ್ಪತ್ತು ಸಾವಿರ ನೋವಿನ ಪೇಶೆಂಟುಗಳ ಲೆಕ್ಕ ಒಟ್ಟು ಹಾಕಿ ನೋಡಿದಾರೆ. ಸರಿಯಾದ ಜಾಗಕ್ಕೆ ಚುಚ್ಚಿದೋರಿಗೆ ಏನೂ ಮಾಡಿಸದೋರಿಗಿಂತ ಚೆನ್ನಾಗೇ ನೋವು ಇಳಿದಿದೆ, ಆದ್ರೆ ಸುಳ್ಳು ಸೂಜಿ, ಅಂದ್ರೆ ಜಾಗ ತಪ್ಪಿಸಿ ಸುಮ್ನೆ ಚುಚ್ಚಿದಂಗೆ ಮಾಡಿದೋರಿಗೂ ಸುಮಾರು ಇಳಿದಿದೆ, ಎರಡರ ನಡುವೆ ವ್ಯತ್ಯಾಸ ಸಣ್ಣದು. ಹಂಗಾಗಿ ದೊಡ್ಡೋರೇ ಒಂದು ಮಾತಿಗೆ ನಿಂತಿಲ್ಲ. ಇಂಗ್ಲೆಂಡಲ್ಲಿ ಯಾವ ಕಾಯಿಲೆಗೆ ಯಾವ ಚಿಕಿತ್ಸೆ ಅಂತ ಸಲಹೆ ಕೊಡೋ ನೈಸ್ ಅನ್ನೋ ಸಂಸ್ಥೆ 2016ರಲ್ಲಿ ಸೊಂಟ ನೋವಿಗೆ ಇದು ಬೇಡ ಅಂತು, ಅಮೆರಿಕದ ಫಿಸಿಷಿಯನ್ನರ ಸಂಘ 2017ರಲ್ಲಿ ಮಾತ್ರೆಗಿಂತ ಮುಂಚೆ ಶಾಖ, ಮಸಾಜು, ಆಕ್ಯುಪಂಕ್ಚರ್ ಇವನ್ನೇ ನೋಡಿ ಅಂತು.

ನನ್ನ ಮಾತು ಕೇಳೋದಾದ್ರೆ ಮೊದಲು ಯಜಮಾನ್ರ ದಾರಿ, ಖರ್ಚಿಲ್ಲ. ಕೊಬ್ಬರಿ ಎಣ್ಣೆನೋ ಎಳ್ಳೆಣ್ಣೆನೋ, ಎಣ್ಣೆ ಯಾವುದಾದ್ರೂ ಆಯ್ತು, ಕೆಲಸ ಮಾಡೋದು ಕೈ ಮತ್ತೆ ಬಚ್ಚಲ ಹಂಡೆಯ ಬಿಸಿನೀರು. ಬೆನ್ನುಮೂಳೆ ಮೇಲೆ ಒತ್ತೋದು ಬೇಡ, ಅದರ ಎರಡೂ ಬದಿಯ ಮಾಂಸ ನಿಧಾನಕ್ಕೆ ನೀವಬೇಕು, ಅದನ್ನ ಯಜಮಾನ್ರೇ ನೀವ್ಲಿ, ಹೇಳಿದೋರು ಅವರೇ ತಾನೆ. ಎರಡು ಮೂರು ವಾರಕ್ಕೂ ಇಳೀದೆ ಇದ್ರೆ ಮಗನ ದಾರಿ ಹಿಡೀರಿ. ಹತ್ತಕ್ಕೂ ಒಟ್ಟಿಗೆ ದುಡ್ಡು ಕಟ್ಟಬೇಡಿ, ನಾಕೈದು ಸಲಕ್ಕೆ ಏನೂ ಗೊತ್ತಾಗ್ಲಿಲ್ಲ ಅಂದ್ರೆ ಬಿಟ್ಬಿಡಿ. ಸೂಜಿ ಪ್ಯಾಕೆಟ್ಟು ನಿಮ್ಮ ಕಣ್ಣೆದುರೇ ಒಡೀಬೇಕು, ಆದ ಮೇಲೆ ಎಸೀಬೇಕು, ತೊಳೆದು ಇಟ್ಕೊಳ್ಳೋ ಜಾಗ ಆದ್ರೆ ಎದ್ದು ಬನ್ನಿ, ಕಾಮಾಲೆ ಹಿಂಗೂ ಬರತ್ತೆ. ರಕ್ತ ತೆಳುವಾಗೋ ಮಾತ್ರೆ ತಗೊಳ್ತಿದ್ರೆ ಮೊದಲೇ ಹೇಳಿ. ಎದೆ, ಭುಜದ ಮೇಲ್ಭಾಗಕ್ಕೆ ಆಳವಾಗಿ ಚುಚ್ಚಿ ಶ್ವಾಸಕೋಶಕ್ಕೆ ತೂತಾಗಿದ್ದೂ ಇದೆ, ಅಪರೂಪ ಆದ್ರೂ ಇದೆ, ಹಂಗಾಗಿ ಕಲಿತೋರ ಹತ್ರಾನೇ ಹೋಗಿ.

ಆದ್ರೆ ಅಮ್ಮಾ, ಸೂಜಿ ಚುಚ್ಚಿಸ್ಕೊಂಡು ಬಂದು ರಾತ್ರಿ ಹನ್ನೊಂದರವರೆಗೆ ಮತ್ತೆ ಅದೇ ಗೂನು ಬೆನ್ನಲ್ಲಿ ಕೂತ್ರೆ ಯಾವ ಚೀನಾದೋನೂ ಏನೂ ಮಾಡಕ್ಕಾಗಲ್ಲ. ಕೂರೋ ಮಣೆ ಒಂದು ಗೇಣು ಎತ್ತರ ಮಾಡಿಸಿ, ಸುಲಿದ ಅಡಿಕೆ ಬುಟ್ಟಿ ಒಂದೇ ಕಡೆ ಇಟ್ಕೋಬೇಡಿ, ಅರ್ಧ ಗಂಟೆಗೊಮ್ಮೆ ಎದ್ದು ಅಂಗಳಕ್ಕೆ ಒಂದು ಸುತ್ತು ಹೋಗಿ ಬನ್ನಿ. ಇನ್ನೊಂದು, ಸೊಂಟ ನೋವಿನ ಜೊತೆ ಕಾಲಿಗೆ ಶಕ್ತಿ ಇಲ್ದಂಗಾದ್ರೆ, ತೊಡೆ ಸಂದಿ ಮರಗಟ್ಟಿದ್ರೆ, ಉಚ್ಚೆ ಕಟ್ಟಿದ್ರೆ ಅಥವಾ ಗೊತ್ತಿಲ್ದೇ ಹೋದ್ರೆ ಎಣ್ಣೆನೂ ಬೇಡ ಸೂಜಿನೂ ಬೇಡ, ಅವತ್ತೇ ಶಿವಮೊಗ್ಗದ ದೊಡ್ಡಾಸ್ಪತ್ರೆಗೆ ಹೋಗಿ.

ಪ್ರಶ್ನೆ: ತೀರ್ಥಹಳ್ಳಿ ಹತ್ರದ ಹಳ್ಳಿ ನಮ್ಮದು. ನಮ್ಮ ಭಾವ ದರಗೆಲೆ ತರೋಕೆ ಕಾಡಿಗೆ ಹೋಗಿದ್ರು, ಈಗ ಮೂರು ದಿನದಿಂದ ಜ್ವರ, ತಲೆ ಸಿಡಿತ, ಮೀನಖಂಡ ಮುಟ್ಟಕ್ಕೆ ಬಿಡಲ್ಲ. ಅತ್ತೆ ಮೈ ನೋವಿನ ಜ್ವರ, ಎಣ್ಣೆ ಕಾಯಿಸಿ ಗಟ್ಟಿಯಾಗಿ ತಿಕ್ಕಿದ್ರೆ ಇಳಿಯತ್ತೆ ಅಂತ ದಿನಾ ತಿಕ್ತಿದಾರೆ. ತಿಕ್ಕಬಹುದಾ?

ಉತ್ತರ: ಈ ಪತ್ರ ಓದಿ ಪತ್ರಿಕೆ ಅಚ್ಚಾಗೋವರೆಗೆ ಕಾಯಕ್ಕೆ ಮನಸ್ಸಾಗ್ಲಿಲ್ಲ, ಕೆಳಗೆ ಬರೆದಿದ್ದ ನಂಬರಿಗೆ ಅವತ್ತೇ ಫೋನ್ ಮಾಡಿ ಮೊದಲು ಆಸ್ಪತ್ರೆಗೆ ಹೊರಡಿಸಿ ಅಂದೆ. ಇಲ್ಲಿ ಹಾಕ್ತಿರೋದು ಉಳಿದೋರಿಗೆ.

ಮಲ್ನಾಡಲ್ಲಿ ಡಿಸೆಂಬರಿಂದ ಮೇವರೆಗೆ ಕಾಡಿಗೆ ಹೋಗಿ ಬಂದೋರಿಗೆ ಜ್ವರ ಮೈಕೈ ನೋವು ಅಂದ್ರೆ ಮೊದಲು ನೆನಪಾಗಬೇಕಿರೋದು ಮಂಗನ ಕಾಯಿಲೆ. 1957ರಲ್ಲಿ ಪ್ರಪಂಚಕ್ಕೇ ಮೊದಲ ಸಲ ಅದು ಗೊತ್ತಾಗಿದ್ದು ನಮ್ಮ ಕ್ಯಾಸನೂರು ಕಾಡಲ್ಲಿ, ಸೊರಬದ ಕಡೆ, ಅದಕ್ಕೇ ಇಂಗ್ಲಿಷಲ್ಲಿ ಕಾಯಿಲೆಗೂ ಆ ಕಾಡಿನ ಹೆಸರೇ ಬಂತು, ಕ್ಯಾಸನೂರು ಫಾರೆಸ್ಟ್ ಡಿಸೀಸ್ ಅಂತ. ಉಣುಗು ಕಚ್ಚಿ ಮೂರರಿಂದ ಎಂಟು ದಿನಕ್ಕೆ ದಿಢೀರ್ ಅಂತ ಜ್ವರ, ತಲೆನೋವು, ಮೈ ನುಗ್ಗುನುರಿ. ಕೆಲವರಿಗೆ ಮೂಗಲ್ಲಿ ಒಸಡಲ್ಲಿ ರಕ್ತ ಬರತ್ತೆ, ಹಂಗಿರುವಾಗ ಗಟ್ಟಿಯಾಗಿ ತಿಕ್ಕೋದು, ಅಂಗಡಿಯಿಂದ ನೋವಿನ ಮಾತ್ರೆ ತಂದು ನುಂಗೋದು ಎರಡೂ ಬೇಡ. ಆಸ್ಪತ್ರೆಗೆ ಹೋಗೋವರೆಗೆ ಪ್ಯಾರಾಸಿಟಮಾಲ್ ಒಂದೇ. ರಕ್ತ ಪರೀಕ್ಷೆಗೆ ಶಿವಮೊಗ್ಗದಲ್ಲೇ ಲ್ಯಾಬ್ ಇದೆ, ದೂರ ಕಳಿಸಬೇಕಿಲ್ಲ.

ಈ ಭಾವಂಗೂ ಮಂಗನ ಕಾಯಿಲೆನೇ ಅಂತ ನಾನು ಅಂದ್ಕೊಂಡಿದ್ದೆ. ಆದ್ರೆ ರಿಪೋರ್ಟ್ ಬಂದಾಗ ಇಲಿ ಜ್ವರ, ಇಲಿ ಉಚ್ಚೆ ಸೇರಿದ ಕೆಸರು ನೀರಿಂದ ಬರೋದು! ಭಾವ ಕಾಡಿಗೆ ಹೋಗೋ ಮುಂಚೆ ಒಂದು ವಾರ ತೋಟದ ಕಪ್ಪು, ಅಂದ್ರೆ ಬಸಿಗಾಲುವೆ, ತೆಗೀತಾ ಬರಿಗಾಲಲ್ಲಿ ಕೆಸರಲ್ಲೇ ನಿಂತಿದ್ರಂತೆ, ಅದನ್ನ ಪತ್ರದಲ್ಲಿ ಯಾರೂ ಬರೆದಿರ್ಲಿಲ್ಲ. ಮೀನಖಂಡ ಮುಟ್ಟಿದ್ರೆ ಜೀವ ಹೋದಂಗೆ ಆಗೋದು, ಕಣ್ಣು ಕೆಂಪಾಗೋದು ಅದರ ಗುರುತು. ಬೇಗ ಹೋದ್ರೆ ಆಂಟಿಬಯೋಟಿಕ್‌ಗೆ ಬಗ್ಗತ್ತೆ, ತಡ ಆದ್ರೆ ಕಿಡ್ನಿ ಲಿವರಿಗೆ ಹೊಡೆಯತ್ತೆ. ಈಗ ಹುಷಾರಾಗಿ ಮನೆಗೆ ಬಂದಿದಾರೆ. ಅತ್ತೆಗೆ ಬೇಜಾರು ಮಾಡಬೇಡಿ, ಅವರ ಕಾಲದಲ್ಲಿ ಜ್ವರಕ್ಕೆ ಕೈಗೆ ಸಿಗ್ತಿದ್ದಿದ್ದೇ ಎಣ್ಣೆ ಗಿಂಡಿ.

ಪ್ರಶ್ನೆ: ಸಾಗರ. ನನಗೆ ಹದಿನೈದು ವರ್ಷದಿಂದ ಶುಗರ್ ಇದೆ, ಅಂಗಾಲು ಉರಿ. ಮಾರಿಕಾಂಬಾ ಜಾತ್ರೇಲಿ ಮುಳ್ಳು ಮುಳ್ಳು ಇರೋ ಆಕ್ಯುಪ್ರೆಶರ್ ಚಪ್ಪಲಿ ತಗೊಂಡಿದ್ದೆ. ದಿನಾ ಎಷ್ಟು ಹೊತ್ತು ಹಾಕ್ಕೋಬೇಕು?

ಉತ್ತರ: ಹಾಕ್ಕೋಬೇಡಿ ಮಾರಾಯ್ರೆ. ಮೂರು ವರ್ಷಕ್ಕೊಮ್ಮೆ ಬರೋ ಜಾತ್ರೆ, ಏನಾದ್ರೂ ತಗೋಬೇಕು ಅನ್ಸತ್ತೆ, ನಮ್ಮನೇಲೂ ಮರದ ರೋಲರ್ ಒಂದು ಅಟ್ಟದ ಮೇಲೆ ಬಿದ್ದಿದೆ. ಆದ್ರೆ ಶುಗರಿನೋರ ಅಂಗಾಲು ಉರೀತಿದೆ ಅಂದ್ರೆ ನರ ಹಾಳಾಗ್ತಿದೆ ಅಂತ, ಉರಿ ಇರೋ ಕಾಲಿಗೇ ಮುಟ್ಟಿದ್ದು ಚುಚ್ಚಿದ್ದು ಸರಿಯಾಗಿ ಗೊತ್ತಾಗಲ್ಲ. ಆ ಮುಳ್ಳು ಒತ್ತಿ ಗುಳ್ಳೆ ಎದ್ದು, ಅದು ಒಡೆದು ಹುಣ್ಣಾಗಿ, ಬೆರಳು ತೆಗೆಯೋವರೆಗೆ ಹೋದೋರನ್ನ ಕೆಲಸದಲ್ಲಿದ್ದಾಗ ನೋಡಿದೀನಿ. ಕಾಲಿಗೆ ಕಾದ ಎಣ್ಣೆ, ಬಿಸಿನೀರಿನ ಬ್ಯಾಗು ಕೂಡ ಬೇಡ. ಮೆತ್ತನೆ ಚಪ್ಪಲಿ ಹಾಕಿ, ರಾತ್ರಿ ಮಲಗೋ ಮುಂಚೆ ಕನ್ನಡಿ ಹಿಡಿದು ಅಂಗಾಲು ನೋಡ್ಕೊಳ್ಳಿ, ಉರಿಗೆ ಬೇರೆ ಮಾತ್ರೆ ಇದೆ, ನಿಮ್ಮ ಡಾಕ್ಟ್ರನ್ನ ಕೇಳಿ.

ಪ್ರಶ್ನೆ: ಸರ್, ದುರ್ಗಿಗುಡಿ ಕಡೆ ಒಂದು ಸಲೂನಲ್ಲಿ ಹೆಡ್ ಮಸಾಜ್ ಆದ ಮೇಲೆ ಕುತ್ತಿಗೆ ಲಟಕ್ ಅನ್ಸ್ತಾರೆ, ಸಖತ್ ಆರಾಮ್ ಅನ್ಸತ್ತೆ. ಮನೇಲಿ ಬೈತಾರೆ.

ಉತ್ತರ: ಮನೇಲಿ ಸರಿಯಾಗೇ ಬೈತಿದಾರೆ ತಮ್ಮಾ. ತಲೆಗೆ ತಟ್ಟಿಸ್ಕೋ, ಭುಜ ಹಿಸುಕಿಸ್ಕೋ, ಕುತ್ತಿಗೆ ತಿರುಗಿಸಕ್ಕೆ ಕೈ ಹಾಕಿದ ಕೂಡ್ಲೇ ಬೇಡ ಅನ್ನು. ಮೆದುಳಿಗೆ ಹೋಗೋ ರಕ್ತನಾಳ ಎರಡು ಕುತ್ತಿಗೆ ಮೂಳೆ ಒಳಗಿಂದಾನೇ ಹೋಗ್ತವೆ, ದಿಢೀರ್ ತಿರುಚಿದಾಗ ಅದರ ಒಳಪದರ ಹರಿದು ಸ್ಟ್ರೋಕ್ ಆಗಿರೋದು ಉಂಟು, ಅದೂ ನಿನ್ನಂಥ ವಯಸ್ಸಿನ ಹುಡುಗ್ರಿಗೇ. ಲಟಕ್ ಅನ್ನೋ ಸದ್ದಿಗೆ ದೊಡ್ಡ ಅರ್ಥ ಇಲ್ಲ, ಕೀಲಿನ ನೀರಲ್ಲಿ ಗಾಳಿ ಗುಳ್ಳೆ ಆಗೋ ಸದ್ದು ಅಷ್ಟೇ.

ಪ್ರಶ್ನೆ: ಮಗಳಿಗೆ ಸಿಸೇರಿಯನ್ ಆಗಿ ಹನ್ನೆರಡು ದಿನ. ಬಾಣಂತಿಗೆ ಎಣ್ಣೆ ನೀರು ಯಾವಾಗ ಶುರು ಮಾಡಬಹುದು? ಮಗುಗೆ?

ಉತ್ತರ: ಕೈ, ಕಾಲು, ಬೆನ್ನಿಗೆ ಮೆತ್ತಗೆ ಹಚ್ಚೋದು ಈಗಲೇ ಆಗಬಹುದು, ಹೊಟ್ಟೆಗೆ ಮಾತ್ರ ಆರು ವಾರ ಬೇಡ, ಹೊಟ್ಟೆ ಬಿಗಿ ಆಗ್ಲಿ ಅಂತ ಸೀರೆ ಎಳೆದು ಕಟ್ಟೋದೂ ಬೇಡ. ಹಂಡೆಯ ಕುದಿನೀರು ಚೆಂಬಲ್ಲಿ ಎತ್ತೆತ್ತಿ ಹೊಡೆಯೋದು ನಮ್ಮಜ್ಜಿ ಕಾಲಕ್ಕೇ ಸಾಕು. ಒಂದು ವಿಷಯ ದಯವಿಟ್ಟು ನೆನಪಿಟ್ಕೊಳ್ಳಿ, ಹೆರಿಗೆ ಆದ ಮೊದಲ ಆರು ವಾರ ಕಾಲಿನ ನಾಳದಲ್ಲಿ ರಕ್ತ ಹೆಪ್ಪುಗಟ್ಟೋ ಸಾಧ್ಯತೆ ಜಾಸ್ತಿ. ಒಂದೇ ಕಾಲು ಊದಿ, ಮೀನಖಂಡ ಬಿಸಿಯಾಗಿ ನೋಯ್ತಿದೆ ಅಂದ್ರೆ ನೀವಲೇಬೇಡಿ, ಆ ಗಂಟು ಜಾರಿ ಶ್ವಾಸಕೋಶಕ್ಕೆ ಹೋದ್ರೆ ಪ್ರಾಣಕ್ಕೇ ಅಪಾಯ. ಸೀದಾ ಆಸ್ಪತ್ರೆ.

ಮಗುಗೆ ಮೈಗೆ ಹಚ್ಚಿ, ಕಾಲ ಮೇಲೆ ಮಲಗಿಸ್ಕೊಂಡು ಹಾಡು ಹೇಳ್ತಾ ಹಚ್ಚಿ, ಅದರಷ್ಟು ಚೆನ್ನಾಗಿರೋದು ಇನ್ನೊಂದಿಲ್ಲ. ಮೂಗಿಗೆ, ಕಿವಿಗೆ ಎಣ್ಣೆ ಬಿಡೋದು ಬೇಡ, ಮೂಗಿಗೆ ಬಿಟ್ಟ ಎಣ್ಣೆ ಶ್ವಾಸಕೋಶಕ್ಕಿಳಿದು ನ್ಯುಮೋನಿಯಾ ಆಗತ್ತೆ.

ಪ್ರಶ್ನೆ: ಟೀಚರ್ ನಾನು, ತಿಂಗಳಿಗೆ ಆರೇಳು ಸಲ ಅರ್ಧ ತಲೆನೋವು. ಸೂಜಿಯಿಂದ ಹೋಗತ್ತಾ?

ಉತ್ತರ: ಪೂರ್ತಿ ಹೋಗಲ್ಲ, ಆದ್ರೆ ಸೂಜಿ ಒಳ್ಳೇ ಹೆಸರು ಇಟ್ಕೊಂಡಿರೋ ಕಾಯಿಲೆಗಳಲ್ಲಿ ಇದೂ ಒಂದು. 2016ರಲ್ಲಿ 22 ಅಧ್ಯಯನ ಸೇರಿಸಿ ನೋಡಿದಾಗ ತಲೆನೋವು ಬರೋ ದಿನಗಳು ಕಡಿಮೆ ಆಗಿದ್ವು. ಐದರಿಂದ ಎಂಟು ವಾರದೊಳಗೆ ಹತ್ತು ಸಲದವರೆಗೆ ಮಾಡಿಸಿ ನೋಡಬಹುದು. ಶುರು ಮಾಡೋ ಮುಂಚೆ ಒಂದು ತಿಂಗಳು ಕ್ಯಾಲೆಂಡರಲ್ಲಿ ತಲೆನೋವಿನ ದಿನ ಗುರುತು ಹಾಕಿ, ಇಲ್ದಿದ್ರೆ ಕಡಿಮೆ ಆಯ್ತಾ ಇಲ್ವಾ ಅನ್ನೋದು ನಿಮಗೂ ಗೊತ್ತಾಗಲ್ಲ, ಚುಚ್ಚಿದೋರಿಗೂ ಗೊತ್ತಾಗಲ್ಲ.

ಪ್ರಶ್ನೆ: ಆಗುಂಬೆ ಘಾಟಿ ಇಳಿಯುವಾಗ ಪ್ರತಿ ಸಲ ವಾಂತಿ. ಕೈ ಮೇಲೆ ಎಲ್ಲೋ ಒತ್ತಿದ್ರೆ ನಿಲ್ಲತ್ತಂತೆ, ಎಲ್ಲಿ?

ಉತ್ತರ: ಅಂಗೈ ಮೇಲೆ ಮಾಡಿ, ಮಣಿಕಟ್ಟಿನ ಗೆರೆಯಿಂದ ಮೊಣಕೈ ಕಡೆಗೆ ನಿಮ್ಮದೇ ಮೂರು ಬೆರಳು ಅಡ್ಡ ಇಡಿ, ಅದರ ಪಕ್ಕ ಎರಡು ಹುರಿ ನರದಂಗೆ ಕೈಗೆ ಸಿಗತ್ತಲ್ಲ, ಅವೆರಡರ ಮಧ್ಯ ಹೆಬ್ಬೆರಳಲ್ಲಿ ಒತ್ತಿ ಹಿಡೀರಿ, ಎರಡು ಮೂರು ನಿಮಿಷ, ಆಮೇಲೆ ಇನ್ನೊಂದು ಕೈ. ಆಪರೇಷನ್ ಆದ ಮೇಲಿನ ವಾಂತಿಗೆ ಈ ಜಾಗ ಕೆಲಸ ಮಾಡತ್ತೆ ಅಂತ ಸುಮಾರು ಅಧ್ಯಯನ ಹೇಳ್ತವೆ, ಬಸ್ಸಿನ ವಾಂತಿಗೆ ಕೆಲವರಿಗೆ ಆಗತ್ತೆ ಕೆಲವರಿಗಿಲ್ಲ, ಒತ್ತಿ ನೋಡೋಕೆ ಖರ್ಚೇನಿಲ್ಲ. ಮುಂದಿನ ಸೀಟು ಹಿಡೀರಿ, ಮೊಬೈಲ್ ಒಳಗಿಡಿ, ದೂರ ನೋಡಿ. ಮತ್ತೆ ತೀರ್ಥಹಳ್ಳೀಲಿ ಬಸ್ಸು ನಿಂತಾಗ ಮಸಾಲೆ ದೋಸೆ ತಿನ್ನೋಕೆ ಇಳೀಬೇಡಿ, ಅದನ್ನ ಉಡುಪಿಗೆ ಹೋದ ಮೇಲೆ ತಿಂದ್ರಾಯ್ತು.