32 ಸೀಟಿನ ಪ್ರಧಾನಿ

ಪ್ರಶ್ನೆ: ಅಕ್ಕೋರೇ, ಕಾರವಾರದಲ್ಲಿ ನಮ್ಮದೊಂದು ಚಿಕ್ಕ ಊಟದ ಹೋಟೆಲ್ ಇದೆ. ನೇಪಾಳದ ಹುಡುಗನೊಬ್ಬ ಎಷ್ಟೋ ವರ್ಷಗಳಿಂದ ನಮ್ಮಲ್ಲಿ ಕೆಲಸಕ್ಕಿದ್ದಾನೆ. 2022ರ ನವೆಂಬರಿನಲ್ಲಿ ವೋಟು ಹಾಕಲಿಕ್ಕೆ ಅಂತಲೇ ಊರಿಗೆ ಹೋಗಿ ಬಂದ. ಮನೆಯವರೆಲ್ಲ ನೇಪಾಳಿ ಕಾಂಗ್ರೆಸ್. ಆದರೆ ಮೈತ್ರಿ ಇದೆ ಅಂತ ಪಾರ್ಟಿಯವರು ಹೇಳಿದ್ದಕ್ಕೆ ಮಾವೋವಾದಿಗಳ ಸುತ್ತಿಗೆ-ಕುಡುಗೋಲಿಗೆ ಮುದ್ರೆ ಒತ್ತಿದನಂತೆ. ತಿಂಗಳು ಕಳೆಯುವಷ್ಟರಲ್ಲಿ ಮಾವೋವಾದಿಗಳ ನಾಯಕ ಪ್ರಚಂಡ ಕಾಂಗ್ರೆಸ್ಸನ್ನೇ ಬಿಟ್ಟು, ಎದುರು ಪಕ್ಷದ ಓಲಿ ಜತೆ ಸೇರಿ ಪ್ರಧಾನಿ ಆದರು. "ನನ್ನ ವೋಟು ಯಾರಿಗೆ ಹೋಯ್ತು?" ಅಂತ ಈಗಲೂ ಕೇಳುತ್ತಾನೆ. 32 ಸೀಟು ಗೆದ್ದವರು ಪ್ರಧಾನಿ ಆಗುವುದು ಹೇಗೆ?
– ಓದುಗರು, ಕೋಡಿಬಾಗ, ಕಾರವಾರ

ಉತ್ತರ: ಆ ಹುಡುಗನ ಮಾತು ಓದಿ ನನಗೆ ಎರಡು ದಿನ ಸಮಾಧಾನ ಇರಲಿಲ್ಲ. ಹೊರದೇಶದಲ್ಲಿರುವ ನೇಪಾಳಿಗಳಿಗೆ ಇದ್ದಲ್ಲಿಂದಲೇ ವೋಟು ಹಾಕುವ ದಾರಿ ಆಗ ಇರಲಿಲ್ಲ. ಸಂಬಳ ಬಿಟ್ಟು, ಅಷ್ಟು ದೂರ ರೈಲು-ಬಸ್ಸು ಹತ್ತಿ ಹೋದವನು ಅವನು. ಅವನಿಗೆ ಸರಿಯಾದ ಉತ್ತರ ಸಿಗಬೇಕು.

ಮೊದಲು ಲೆಕ್ಕ ನೋಡಿ. ನೇಪಾಳದ ಪ್ರತಿನಿಧಿ ಸಭೆಯಲ್ಲಿ 275 ಸೀಟು. 165ಕ್ಕೆ ನೇರ ಚುನಾವಣೆ, ಉಳಿದ 110 ಪಕ್ಷಗಳಿಗೆ ಬಿದ್ದ ವೋಟಿನ ಪ್ರಮಾಣದಲ್ಲಿ ಹಂಚಿಕೆ. ಸರ್ಕಾರಕ್ಕೆ 138 ಬೇಕು. ಕಾಂಗ್ರೆಸ್ಸಿಗೆ 89, ಓಲಿಯವರ ಕಮ್ಯುನಿಸ್ಟ್ ಪಕ್ಷ ಯುಎಂಎಲ್‌ಗೆ 78, ಪ್ರಚಂಡರಿಗೆ 32 ಬಂತು. ಕಾಂಗ್ರೆಸ್, ಪ್ರಚಂಡ ಮತ್ತು ಅವರ ಜತೆಗಿದ್ದ ಸಣ್ಣ ಪಕ್ಷಗಳೆಲ್ಲ ಸೇರಿ 136. ಎರಡೇ ಕಡಿಮೆ! ಆದರೂ ಕೂಡಿಸಿಕೊಳ್ಳಬಹುದಿತ್ತು. ಜಗಳ ಬಂದದ್ದು ಪ್ರಧಾನಿ ಹುದ್ದೆಯಲ್ಲಿ ಮೊದಲ ಸರದಿ ಯಾರದು ಅಂತ. ಪ್ರಚಂಡ ತಮಗೇ ಬೇಕು ಅಂದರು, ಕಾಂಗ್ರೆಸ್ಸಿನ ದೇವುಬಾ ಒಪ್ಪಲಿಲ್ಲ. ಡಿಸೆಂಬರ್ 25ಕ್ಕೆ ಪ್ರಚಂಡ ಓಲಿಯವರ ಬೆಂಬಲದಿಂದ ಪ್ರಧಾನಿ ಆದರು.

ದೊಡ್ಡವರಿಬ್ಬರು ಒಟ್ಟಿಗೆ ಕೂರಲು ತಯಾರಿಲ್ಲದಾಗ ಮೂರನೆಯವನ ಮಾತೇ ನಡೆಯುತ್ತದೆ. ಸೀಟು ಎಷ್ಟಿದೆ ಅನ್ನುವುದಕ್ಕಿಂತ, ನೀನಿಲ್ಲದೆ ಸರ್ಕಾರ ಆಗುತ್ತದೋ ಇಲ್ಲವೋ ಅನ್ನುವುದರಲ್ಲಿ ಬಲ ಇರುವುದು. ಪ್ರಚಂಡ ಆಮೇಲೆ ಕಾಂಗ್ರೆಸ್ ಕಡೆ ಬಂದರು, ಮತ್ತೆ ಓಲಿ ಕಡೆ ಹೋದರು. 2024ರ ಜುಲೈಯಲ್ಲಿ ಆ ದೊಡ್ಡವರಿಬ್ಬರೂ ಕೈ ಜೋಡಿಸಿದರು ನೋಡಿ, 32ರ ಬೆಲೆ ಅಲ್ಲಿಗೆ ಮುಗಿಯಿತು. ವಿಶ್ವಾಸಮತದಲ್ಲಿ ಪ್ರಚಂಡರ ಪರ 63, ವಿರುದ್ಧ 194.

ಇದೆಲ್ಲ ಅಲ್ಲಿನ ಸಂವಿಧಾನ ಒಪ್ಪಿದ್ದೇ. ನನಗೆ ಬೇಸರ ಇರುವುದು ಬೇರೆ ಕಡೆ. ನಮ್ಮ ಕಡಲಂಚಿನಲ್ಲಿ ರಂಪಣಿ, ಅಂದರೆ ಊರವರೆಲ್ಲ ಸೇರಿ ದಡಕ್ಕೆ ಎಳೆಯುವ ದೊಡ್ಡ ಬಲೆ, ಎಳೆಯುವುದನ್ನು ನೀವು ನೋಡಿಯೇ ಇರುತ್ತೀರಿ. ಬಲೆ ಯಾರದು, ದೋಣಿ ಯಾರದು, ಹಗ್ಗ ಹಿಡಿದವರಿಗೆ ಏನು ಅನ್ನುವುದು ಬಲೆ ಬಿಡುವ ಮೊದಲೇ ಗೊತ್ತಿರುತ್ತದೆ. ಮೀನು ಮರಳಿಗೆ ಬಿದ್ದ ಮೇಲೆ ಪಾಲಿನ ಮಾತು ಶುರು ಮಾಡಿದರೆ ಹೊಡೆದಾಟವೇ. ಒಟ್ಟಿಗೆ ವೋಟು ಕೇಳಿದವರು ಪ್ರಧಾನಿ ಯಾರು, ಎಷ್ಟು ವರ್ಷ, ಯಾವ ಕೆಲಸಕ್ಕೆ ಅಂತ ಬರೆದು ಜನರ ಮುಂದೆ ಇಡಬೇಕಿತ್ತು. ಅದನ್ನು ಓದಿಕೊಂಡು ಮುದ್ರೆ ಒತ್ತುವುದೋ ಬಿಡುವುದೋ ನಿಮ್ಮ ಹುಡುಗ ತೀರ್ಮಾನ ಮಾಡುತ್ತಿದ್ದ. ನಿನ್ನ ವೋಟು ಲೆಕ್ಕಕ್ಕೆ ಬಂದಿದೆ, ಆದರೆ ನಿನಗೆ ಕೊಟ್ಟ ಮಾತನ್ನು ಅವರು ಉಳಿಸಿಕೊಳ್ಳಲಿಲ್ಲ. ಅವನಿಗೆ ಹೀಗೇ ಹೇಳಿ.

ಪ್ರಶ್ನೆ: ಈ ರಗಳೆಯೇ ಬೇಡ, ಒಂದೇ ಪಕ್ಷಕ್ಕೆ ಪೂರ್ತಿ ಬಹುಮತ ಬಂದರೆ ಒಳ್ಳೆಯದಲ್ವಾ?
– ಓದುಗರು, ಕುಮಟಾ

ಉತ್ತರ: ಶ್ರೀಲಂಕಾದಲ್ಲಿ 2020ರ ಆಗಸ್ಟಿನಲ್ಲಿ ರಾಜಪಕ್ಸೆಯವರ ಪಕ್ಷಕ್ಕೆ 225ರಲ್ಲಿ 145 ಸೀಟು ಬಂತು. ಎರಡು ವರ್ಷ ತುಂಬುವ ಮೊದಲೇ ಪೆಟ್ರೋಲಿಲ್ಲ, ಗ್ಯಾಸಿಲ್ಲ, ಅಧ್ಯಕ್ಷರೇ ದೇಶ ಬಿಟ್ಟು ಹೋದರು. ರಾಸಾಯನಿಕ ಗೊಬ್ಬರವನ್ನು ಒಮ್ಮೆಗೇ ನಿಲ್ಲಿಸಿದಾಗ ಅವರನ್ನು ಗಟ್ಟಿಯಾಗಿ ತಡೆಯುವ ಜೊತೆಗಾರರು ಇರಬೇಕಿತ್ತು ಅಂತ ನನಗನ್ನಿಸುತ್ತದೆ.

ಪ್ರಶ್ನೆ: ನಮ್ಮ ದೊಡ್ಮನೆಯ ರಾಮಕೃಷ್ಣ ಹೆಗಡೆಯವರು ಮಂತ್ರಿಯಾಗಿದ್ದ ವಾಜಪೇಯಿ ಸರ್ಕಾರ ಒಂದೇ ವೋಟಿನಲ್ಲಿ ಬಿತ್ತು ಅಂತಾರೆ. ನಿಜವಾ?
– ಕಾಲೇಜು ವಿದ್ಯಾರ್ಥಿನಿ, ಸಿದ್ದಾಪುರ

ಉತ್ತರ: ನಿಜ ತಂಗಿ. 1998ರಲ್ಲಿ ಹೆಗಡೆಯವರ ಲೋಕಶಕ್ತಿ ಗೆದ್ದದ್ದು 3 ಸೀಟು. ಆದರೂ ಅವರಿಗೆ ವಾಣಿಜ್ಯ ಖಾತೆ ಸಿಕ್ಕಿತು. ಮರುವರ್ಷ 18 ಸದಸ್ಯರಿದ್ದ ಜಯಲಲಿತಾ ಅವರ ಪಕ್ಷ ಬೆಂಬಲ ವಾಪಸ್ ತೆಗೆಯಿತು. 1999ರ ಏಪ್ರಿಲ್ 17ರ ವಿಶ್ವಾಸಮತದಲ್ಲಿ ಪರ 269, ವಿರುದ್ಧ 270.

ಆ ದಿನ ಶಿರಸಿಯ ನಮ್ಮ ಮನೆ ಅಂಗಳದಲ್ಲಿ ಹಲಸಿನ ಹಪ್ಪಳ ಒಣಗಲು ಹಾಕಿದ್ದೆವು. ನಾನು ಟಿವಿ ಮುಂದೆ ಕೂತುಬಿಟ್ಟಿದ್ದೆ. ಫಲಿತಾಂಶ ಕೂಗಿ ಹೇಳಿದಾಗ ಅತ್ತೆ ಕೋಲು ಹಿಡಿದುಕೊಂಡೇ ಒಳಗೆ ಬಂದರು. "ಒಂದೇ ವೋಟಾ? ಸರೀ ಎಣಿಸಿದಾರಾ?" ಅಂತ ಮೂರು ಸಲ ಕೇಳಿದರು. ಕೆಲವೇ ತಿಂಗಳಲ್ಲಿ ಮತ್ತೆ ಚುನಾವಣೆ ಬಂತು. ಮೊಣಕಾಲು ನೋವು, ದಾರಿ ಪೂರಾ ಕೆಸರು. ಅಂತೂ ಅತ್ತೆ ಬೆಳಗಾಗುತ್ತಲೇ ಸೀರೆ ಉಟ್ಟು ತಯಾರಾಗಿದ್ದರು. ಶಾಲೆಯ ಬಾಗಿಲು ಇನ್ನೂ ತೆಗೆದಿರಲಿಲ್ಲ, ಇಬ್ಬರೂ ಜಗುಲಿಯ ಮೇಲೆ ಕೂತು ಕಾದೆವು.