ಕುಮಟಾ ಕಡೆಯ ಹಳ್ಳಿಯಲ್ಲಿ ಈಗ ಎಷ್ಟು ಜನ ಇದ್ದಾರೆ ಅಂತ ಅಂದಾಜು ಮಾಡೋದು ಹೇಗೆ?

ಕುಮಟಾ ಹತ್ತಿರದ ಹಳ್ಳಿಯಲ್ಲಿ ಔಷಧಿ ಅಂಗಡಿ ಹಾಕಬೇಕು, 2011ರ ಜನಗಣತಿ ಬಿಟ್ಟರೆ ಬೇರೆ ಅಂಕಿ ಸಿಗುತ್ತಿಲ್ಲ, ಅದಕ್ಕೇ ಇಷ್ಟು ಪರ್ಸೆಂಟ್ ಸೇರಿಸಿದರೆ ಆಗುತ್ತಾ ಅಂತ ಕೇಳಿದ್ದೀರಿ. ನಮ್ಮ ಜಿಲ್ಲೆಯಲ್ಲಿ ಅದು ಬೇಡ. 2001ರಿಂದ 2011ರೊಳಗೆ ರಾಜ್ಯ ಶೇ. 15.6ರಷ್ಟು ಬೆಳೆದರೆ, ಉತ್ತರ ಕನ್ನಡ 13,53,644ರಿಂದ 14,37,169ಕ್ಕೆ ಬಂತು, ಶೇ. 6ರ ಆಸುಪಾಸು. ಅದೂ ಸರಾಸರಿ. ಘಟ್ಟದ ಮೇಲೆ ಮಕ್ಕಳೆಲ್ಲ ಬೆಂಗಳೂರು ಸೇರಿ ಅಪ್ಪ-ಅಮ್ಮ ಇಬ್ಬರೇ ಉಳಿದ ಮನೆಗಳೂ ಇದರೊಳಗೇ, ಅಣುವಿದ್ಯುತ್ ಸ್ಥಾವರದ ಕೈಗಾ, ನೌಕಾನೆಲೆಯ ಅರಗಾ ಕಡೆ ಹೊರಗಿನಿಂದ ಬಂದು ನೆಲೆಸಿದವರೂ ಇದರೊಳಗೇ.

ಮತದಾರರ ಪಟ್ಟಿಯನ್ನೂ ಪೂರ್ತಿ ನಂಬಬೇಡಿ. ಊರು ಬಿಟ್ಟವರು ಹೆಸರು ತೆಗೆಸೋದಿಲ್ಲ. ರೇಷನ್ ಕಾರ್ಡಿನ ಕಥೆಯೂ ಅದೇ.

ನಾನಾದರೆ ಕರೆಂಟ್ ಮೀಟರ್‌ನಿಂದ ಶುರು ಮಾಡುತ್ತೇನೆ. ಬಿಲ್ ಕೊಡಲು ತಿಂಗಳು ತಿಂಗಳೂ ಮನೆಮನೆ ತಿರುಗುವವರಿಗೆ ಯಾವ ಮನೆಗೆ ಬೀಗ ಅಂತ ಬಾಯಿಪಾಠ ಇರುತ್ತದೆ. ತೋಟದ ಪಂಪ್‌ಸೆಟ್, ಅಂಗಡಿ ಬಿಟ್ಟು ವಾಸದ ಮನೆ ಮಾತ್ರ ಕೇಳಿ. ಒಂದು ಎಚ್ಚರಿಕೆ: ಗೃಹಜ್ಯೋತಿ ಬಂದ ಮೇಲೆ ಸೊನ್ನೆ ಬಿಲ್ ಅಂದರೆ ಖಾಲಿ ಮನೆ ಅಂತಲ್ಲ. ರೂಪಾಯಿ ಬಿಟ್ಟು ಯುನಿಟ್ ನೋಡಿ. ತಿಂಗಳಿಗೆ ಎರಡು ಮೂರು ಯುನಿಟ್ ಅಂದರೆ ಅಲ್ಲಿ ಯಾರೂ ಇಲ್ಲ. 400 ಮೀಟರ್‌ನಲ್ಲಿ 60 ಹೀಗೆ ಅಂತಿಟ್ಟುಕೊಳ್ಳಿ, ಉಳಿದದ್ದು 340. ಬೇರೆ ಬೇರೆ ಕೇರಿಗಳಲ್ಲಿ ಇಪ್ಪತ್ತು ಮೂವತ್ತು ಮನೆ ಕೇಳಿ ಮನೆಗೆ ಸರಾಸರಿ ಎಷ್ಟು ಜನ ಅಂತ ತಿಳಿದುಕೊಳ್ಳಿ. 3.5 ಬಂದರೆ ಸುಮಾರು 1,190 ಜನ. ಚೌತಿ ವಾರದಲ್ಲಿ ಮಾತ್ರ ಕೇಳಲು ಹೋಗಬೇಡಿ, ಊರಿಡೀ ತುಂಬಿರುತ್ತದೆ! ಬಂದರಿನ ಹತ್ತಿರವಾದರೆ ಜೂನ್-ಜುಲೈಯೂ ಬೇಡ. ಮೀನುಗಾರಿಕೆ ನಿಷೇಧ ಇರುವಾಗ ಬೋಟಿನ ಕೆಲಸಕ್ಕೆ ಹೊರರಾಜ್ಯದಿಂದ ಬಂದವರು ಊರಿಗೆ ಹೋಗಿರುತ್ತಾರೆ.

ಹಳೆಯ ಅಂಕಿಗೆ ಹೋಲಿಸುವಾಗ ಪಂಚಾಯತಿ ಹೆಸರು ಹಿಡಿಯಬೇಡಿ. 2015ರಲ್ಲಿ ಗ್ರಾಮ ಪಂಚಾಯತಿಗಳ ಗಡಿ ಬದಲಾಗಿದೆ. ಕಂದಾಯ ಗ್ರಾಮಗಳನ್ನೇ ಒಂದೊಂದಾಗಿ ಕೂಡಿಸಿ.

ಹೊಸ ಗಣತಿಯ ಉಲ್ಲೇಖ ದಿನಾಂಕವೇ, ಅಂದರೆ ಯಾವ ದಿನಕ್ಕೆ ಎಷ್ಟು ಜನ ಅಂತ ಲೆಕ್ಕ ಹಿಡಿಯುತ್ತಾರೋ ಆ ದಿನವೇ, 2027ರ ಮಾರ್ಚ್ 1. ಹಳ್ಳಿವಾರು ಅಂಕಿ ಬರೋದು ಅದಕ್ಕಿಂತಲೂ ತಡ. ನಿಮ್ಮದು ಔಷಧಿ ಅಂಗಡಿ ಆದ್ದರಿಂದ ಒಟ್ಟು ತಲೆ ಎಣಿಸೋದಕ್ಕಿಂತ ಆಶಾ ಕಾರ್ಯಕರ್ತೆಯನ್ನು ಮಾತಾಡಿಸೋದು ಲಾಭ. 30 ದಾಟಿದವರ ಬಿಪಿ, ಶುಗರ್ ತಪಾಸಣೆಗೆ ಅವರು ಮನೆಮನೆ ಹೋಗಿ ಫಾರಂ ತುಂಬಿರುತ್ತಾರೆ. ಹೆಸರು ಕೇಳಬೇಡಿ, ಕೊಡಲೂಬಾರದು. ದಿನಾ ಮಾತ್ರೆ ತಗೊಳ್ಳೋರು ಅಂದಾಜು ಎಷ್ಟು ಮಂದಿ, ಈಗ ಎಲ್ಲಿಂದ ತರಿಸುತ್ತಾರೆ, ಇಷ್ಟು ಕೇಳಿ.