ಮೂರು ದಿನ ಸಾಕಾ? ವಾಲೆಟ್ಟಾ ಪ್ರವಾಸದ ಬಗ್ಗೆ ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಾನು, ನನ್ನ ಹೆಂಡತಿ ಮ್ಯಾಂಚೆಸ್ಟರ್‌ನಲ್ಲಿದ್ದೇವೆ. ಏಪ್ರಿಲ್‌ನಲ್ಲಿ ಹಾಸನದಿಂದ ಅಪ್ಪ, ಅಮ್ಮ ಬರುತ್ತಿದ್ದಾರೆ. ಮೂರು ರಾತ್ರಿಗೆ ಅವರನ್ನು ಮಾಲ್ಟಾಕ್ಕೆ ಕರೆದುಕೊಂಡು ಹೋಗೋಣ ಅಂತಿದ್ದೇವೆ. ಅಪ್ಪನಿಗೆ 68, ಮೇಷ್ಟ್ರಾಗಿದ್ದವರು, ಇತಿಹಾಸ ಅಂದರೆ ಪ್ರಾಣ, ಆದರೆ ಮೊಣಕಾಲು ನೋವು. ಅಮ್ಮ ಮೊಟ್ಟೆಯನ್ನೂ ಮುಟ್ಟುವುದಿಲ್ಲ. ಮೊದಲ ದಿನ ರಾಜಧಾನಿ ವಾಲೆಟ್ಟಾ, ಎರಡನೇ ದಿನ ಗೋಝೊ ದ್ವೀಪ ಮತ್ತು ಬ್ಲೂ ಲಗೂನ್, ಮೂರನೇ ದಿನ ಹಳೆಯ ರಾಜಧಾನಿ ಎಮ್‌ಡೀನಾ, ನೆಲದೊಳಗಿನ ಸಮಾಧಿ ಹೈಪೋಜಿಯಂ, ಮೀನಿನ ಸಂತೆ. ಈ ಪ್ಲಾನ್ ಸರಿ ಇದೆಯಾ?

ಎರಡನೇ ದಿನದ ಗೋಝೊ, ಬ್ಲೂ ಲಗೂನ್ ಪೂರ್ತಿ ತೆಗೆದುಬಿಡಿ, ಆ ದಿನವನ್ನೂ ವಾಲೆಟ್ಟಾಕ್ಕೇ ಕೊಡಿ. ಮೂರನೇ ದಿನದಿಂದ ಮೀನಿನ ಸಂತೆಯನ್ನೂ ತೆಗೆಯಿರಿ. ಮೊಟ್ಟೆಯನ್ನೂ ಮುಟ್ಟದ ಅಮ್ಮನನ್ನು ಅಲ್ಲಿ ಯಾಕೆ ನಿಲ್ಲಿಸಬೇಕು, ಅಲ್ವಾ?

ಗೋಝೊ ಚೆನ್ನಾಗಿಲ್ಲ ಅಂತಲ್ಲ. ಬಸ್ಸಿನಲ್ಲಿ ದ್ವೀಪದ ತುದಿಗೆ ಹೋಗಿ, ಹಡಗು ಹತ್ತಿ, ಆಚೆ ದಡದಲ್ಲಿ ಮತ್ತೆ ಬಸ್ಸು ಕಾದು, ಸಂಜೆ ಇದೆಲ್ಲವನ್ನೂ ತಿರುಗಿ ಮಾಡಬೇಕು. ವಾಲೆಟ್ಟಾದಿಂದಲೇ ಹೊರಡುವ ಫಾಸ್ಟ್ ಫೆರ್ರಿ ಮುಕ್ಕಾಲು ಗಂಟೆಯಲ್ಲಿ ಮುಟ್ಟಿಸುತ್ತದೆ. ಆದರೂ ದಿನ ಹೋಗುವುದು ಹೋಗಿಯೇ ಹೋಗುತ್ತದೆ. ಫೋಟೋಗಳಲ್ಲಿ ಕಾಣುವ ಆ ದೊಡ್ಡ ಕಲ್ಲಿನ ಕಮಾನು, ಅಝೂರ್ ವಿಂಡೋ, ಈಗ ಇಲ್ಲ. 2017ರ ಮಾರ್ಚ್ ತಿಂಗಳಲ್ಲಿ ಬಿರುಗಾಳಿಗೆ ಸಮುದ್ರಕ್ಕೆ ಕುಸಿದುಬಿತ್ತು. ಬ್ಲೂ ಲಗೂನ್ ಈಜುವವರ ಜಾಗ. ಏಪ್ರಿಲ್‌ನಲ್ಲಿ ನೀರು ಇನ್ನೂ ತಣ್ಣಗಿರುತ್ತದೆ, ಕೂರಲು ನೆರಳೂ ಕಮ್ಮಿ.

ವಾಲೆಟ್ಟಾವನ್ನು ಒಂದು ದಿನದಲ್ಲಿ ಮುಗಿಸಬಹುದು ಅಂತ ತುಂಬ ಜನ ಅಂದುಕೊಳ್ಳುತ್ತಾರೆ. ಊರು ಚಿಕ್ಕದು ನಿಜ. ಉದ್ದ ಸುಮಾರು ಒಂದು ಕಿಲೋಮೀಟರ್, ಅಗಲ ಅದರ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ. ಆದರೆ ಚಿಕ್ಕದಾಗಿರುವುದಕ್ಕೇ ಅಲ್ಲಿ ಉಳಿಯಬೇಕು. ಬೆಳಿಗ್ಗೆ ನೋಡಿದ ಬೀದಿಯನ್ನೇ ಸಂಜೆ ಇನ್ನೊಮ್ಮೆ ನೋಡಬಹುದು. ಮಧ್ಯಾಹ್ನ ಅಪ್ಪನಿಗೆ ಸುಸ್ತಾದರೆ ರೂಮಿಗೆ ಹೋಗಿ ಒಂದು ಗಂಟೆ ಮಲಗಿ ಬರಬಹುದು. ವಯಸ್ಸಾದವರ ಜೊತೆ ಹೋದಾಗ ಇದಕ್ಕಿಂತ ದೊಡ್ಡ ಅನುಕೂಲ ಬೇರೆ ಇಲ್ಲ.

ಮೊದಲು ಊರಿನ ಆಕಾರ ಅರ್ಥ ಮಾಡಿಕೊಳ್ಳಿ. ವಾಲೆಟ್ಟಾ ಮಲಗಿದ ಎಮ್ಮೆಯ ಬೆನ್ನಿನ ಹಾಗಿದೆ. ಬೆನ್ನಿನ ಮೇಲೆ ಉದ್ದಕ್ಕೆ ರಿಪಬ್ಲಿಕ್ ಸ್ಟ್ರೀಟ್, ಪಕ್ಕದಲ್ಲೇ ಮರ್ಚೆಂಟ್ಸ್ ಸ್ಟ್ರೀಟ್. ಅಡ್ಡ ಬೀದಿಗಳೆಲ್ಲ ಎರಡೂ ಕಡೆ ಸಮುದ್ರಕ್ಕೆ ಇಳಿಯುತ್ತವೆ. ಕೆಲವಂತೂ ಬೀದಿಯೇ ಅಲ್ಲ, ಬರೀ ಮೆಟ್ಟಿಲು. ನಿಮ್ಮ ಅಪ್ಪ ಉದ್ದದ ಬೀದಿಗಳಲ್ಲಿ ಓಡಾಡಲಿ, ಅಡ್ಡ ಬೀದಿಗಳಿಗೆ ಇಳಿಯುವುದು ಬೇಡ. ಸೇಂಟ್ ಎಲ್ಮೊ ಕೋಟೆಯ ಕಡೆ ರಿಪಬ್ಲಿಕ್ ಸ್ಟ್ರೀಟ್ ಕೂಡ ಇಳಿಜಾರಾಗುತ್ತದೆ. ಹೋಗುವಾಗ ನಡೆದುಹೋಗಿ, ವಾಪಸ್ ಬರಲು ಟ್ಯಾಕ್ಸಿ ಮಾಡಿ. ಹೋಟೆಲ್ ಬುಕ್ ಮಾಡುವಾಗಲೂ ಇದನ್ನೇ ನೋಡಿ. ಮೇಲಿನ ಬೀದಿಗಳಿಗೆ ಹತ್ತಿರ ಇರಬೇಕು, ಲಿಫ್ಟ್ ಇದೆಯಾ ಅಂತ ಬರೆದು ಕೇಳಬೇಕು. ಹಳೆಯ ಮನೆಗಳನ್ನೇ ಹೋಟೆಲ್ ಮಾಡಿರುತ್ತಾರೆ. ಫೋಟೋದಲ್ಲಿ ಅರಮನೆ ಥರ ಕಾಣುತ್ತದೆ, ರೂಮು ಮೂರನೇ ಮಹಡಿಯಲ್ಲಿರುತ್ತದೆ, ಹತ್ತಲು ಕಿರಿದಾದ ಸುರುಳಿ ಮೆಟ್ಟಿಲು.

ಅಪ್ಪನಿಗೆ ಹೊರಡುವ ಮೊದಲೇ ಈ ಕಥೆ ಹೇಳಿ. 1565ರಲ್ಲಿ ತುರ್ಕರ ಒಟ್ಟೋಮನ್ ಸೇನೆ ಮಾಲ್ಟಾಕ್ಕೆ ಮುತ್ತಿಗೆ ಹಾಕಿತು. ಸುಮಾರು ನಾಲ್ಕು ತಿಂಗಳು ಯುದ್ಧ. ಆಗ ದ್ವೀಪವನ್ನು ಆಳುತ್ತಿದ್ದ ಸೇಂಟ್ ಜಾನ್ ಪಂಥದ ನೈಟ್‌ಗಳು, ಅಂದರೆ ಕ್ರೈಸ್ತ ಯೋಧರು, ಸೋಲಲಿಲ್ಲ. ಇನ್ನೊಮ್ಮೆ ದಾಳಿಯಾದರೆ ಅಂತ, ಎರಡು ಬಂದರುಗಳ ನಡುವಿನ ಬೋಳುಗುಡ್ಡದ ಮೇಲೆ ಹೊಸ ಊರು ಕಟ್ಟಲು ಅವರ ಮುಖ್ಯಸ್ಥ ಜಾನ್ ದ ವಾಲೆಟ್ ನಿರ್ಧರಿಸಿದ. 1566ರ ಮಾರ್ಚ್ 28ರಂದು ಅಡಿಗಲ್ಲು ಬಿತ್ತು. ನಕ್ಷೆ ಹಾಕಿದ್ದು ಪೋಪ್ ಕಳಿಸಿದ ಎಂಜಿನಿಯರ್ ಫ್ರಾಂಚೆಸ್ಕೊ ಲಾಪರೆಲ್ಲಿ. ದ ವಾಲೆಟ್ 1568ರಲ್ಲೇ ತೀರಿಕೊಂಡ, ಊರು ಪೂರ್ತಿಯಾಗಿದ್ದನ್ನು ನೋಡಲಿಲ್ಲ. ಅವನ ಹೆಸರೇ ಊರಿಗೆ ಬಂತು. ಅಲ್ಲಿನವರು ಮಾತ್ರ ಸುಮ್ನೆ ‘ಇಲ್ ಬೆಲ್ಟ್’ ಅನ್ನುತ್ತಾರೆ. ಅಂದರೆ ಪಟ್ಟಣ, ಅಷ್ಟೇ. ನಮ್ಮ ಹಳ್ಳಿಗಳಲ್ಲಿ ‘ಪ್ಯಾಟಿಗೆ ಹೋಗಿ ಬರ್ತೀನಿ’ ಅನ್ನುವ ಹಾಗೆ.

ಈಗ ದಿನಗಳಿಗೆ ಬರೋಣ.

ಮೊದಲ ಬೆಳಿಗ್ಗೆ ಸೇಂಟ್ ಜಾನ್ಸ್ ಕೋ-ಕ್ಯಾಥೆಡ್ರಲ್. ಬಾಗಿಲು ತೆರೆಯುವ ಹೊತ್ತಿಗೇ ಹೋಗಿ, ಆಮೇಲೆ ಹಡಗಿನ ಪ್ರವಾಸಿಗರ ಗುಂಪುಗಳು ಬರುತ್ತವೆ. ಭಾನುವಾರ ಪ್ರವಾಸಿಗರನ್ನು ಬಿಡುವುದಿಲ್ಲ, ಆದ್ದರಿಂದ ಟಿಕೆಟ್ ಬುಕ್ ಮಾಡುವ ಮುಂಚೆ ವಾರ ನೋಡಿಕೊಳ್ಳಿ. ಭುಜ ಮುಚ್ಚಿರಬೇಕು. ಚೂಪು ಹಿಮ್ಮಡಿಯ ಚಪ್ಪಲಿಗೆ ಪ್ರವೇಶವಿಲ್ಲ. ಒಳಗೆ ಕಾಲಿಟ್ಟ ಕೂಡಲೇ ಅದು ಯಾಕೆ ಅಂತ ಗೊತ್ತಾಗುತ್ತದೆ. ನೆಲವೆಲ್ಲ ಸಮಾಧಿ ಕಲ್ಲುಗಳು, ಸುಮಾರು 400. ಬಣ್ಣಬಣ್ಣದ ಅಮೃತಶಿಲೆಯ ತುಂಡುಗಳನ್ನು ಕೂರಿಸಿ ಮಾಡಿದ ಲಾಂಛನಗಳು, ದೇವತೆಗಳು, ಕೈಯಲ್ಲಿ ಕುಡುಗೋಲು ಹಿಡಿದ ಅಸ್ಥಿಪಂಜರಗಳು. ಹೊರಗಿನಿಂದ ಈ ಚರ್ಚು ದಪ್ಪ ಗೋಡೆಯ ಉಗ್ರಾಣದ ಹಾಗಿದೆ. ಒಳಗೆ ಚಿನ್ನ ಬಳಿಯದ ಜಾಗ ಹುಡುಕಬೇಕು. ಸಾಲು ಕುರ್ಚಿ ಇರುತ್ತವೆ. ಅಪ್ಪನನ್ನು ಕೂರಿಸಿ, ಮೇಲೆ ನೋಡಲು ಹೇಳಿ. ಛಾವಣಿಯ ಚಿತ್ರಗಳೆಲ್ಲ ಮಟ್ಟಿಯಾ ಪ್ರೇತಿ ಎಂಬ ಕಲಾವಿದ 1660ರ ದಶಕದಲ್ಲಿ ಬರೆದದ್ದು.

ಆಮೇಲೆ ಪಕ್ಕದ ಪ್ರಾರ್ಥನಾ ಮಂದಿರಕ್ಕೆ ಹೋಗಿ. ಅಲ್ಲಿ ಇಟಲಿಯ ಹೆಸರಾಂತ ಕಲಾವಿದ ಕಾರವಾಜ್ಜೊ 1608ರಲ್ಲಿ ಬರೆದ ದೊಡ್ಡ ಚಿತ್ರವಿದೆ. ಐದು ಮೀಟರ್‌ಗೂ ಜಾಸ್ತಿ ಅಗಲ. ಸಂತ ಜಾನ್‌ನ ತಲೆ ಕಡಿಯುವ ದೃಶ್ಯ. ಎಲ್ಲರೂ ಎದುರಿಗೆ ನಿಂತು ಫೋಟೋ ತೆಗೆದು ಹೊರಡುತ್ತಾರೆ. ನೀವು ಹಾಗೆ ಮಾಡಬೇಡಿ. ಚಿತ್ರದ ಅರ್ಧಕ್ಕರ್ಧ ಖಾಲಿ ಗೋಡೆ ಮತ್ತು ಕತ್ತಲು. ಬಲಗಡೆ ಕಿಟಕಿಯ ಕಂಬಿಗಳ ಹಿಂದೆ ಇಬ್ಬರು ಕೈದಿಗಳು ಕುತ್ತಿಗೆ ಚಾಚಿ ನೋಡುತ್ತಿದ್ದಾರೆ. ಕೆಳಗೆ ನೆಲದ ಮೇಲೆ ಹರಿದ ರಕ್ತವನ್ನು ಗಮನವಿಟ್ಟು ನೋಡಿ. ಆ ರಕ್ತದಲ್ಲೇ ಅಕ್ಷರಗಳಿವೆ. ಅದು ಕಾರವಾಜ್ಜೊನ ಸಹಿ. ಅವನು ಸಹಿ ಹಾಕಿದ ಚಿತ್ರ ಇದೊಂದೇ. ರೋಮ್‌ನಲ್ಲಿ ಒಬ್ಬನನ್ನು ಕೊಂದು ಓಡಿಬಂದವನು ಅವನು. ಮಾಲ್ಟಾದಲ್ಲಿ ನೈಟ್ ಪದವಿ ಸಿಕ್ಕಿತು, ಕೆಲವೇ ವಾರಗಳಲ್ಲಿ ಮತ್ತೆ ಹೊಡೆದಾಟ, ಜೈಲು, ಅಲ್ಲಿಂದಲೂ ಪರಾರಿ. ಅದೇ ವರ್ಷ ಡಿಸೆಂಬರ್‌ನಲ್ಲಿ ನೈಟ್‌ಗಳು ಇದೇ ಕೋಣೆಯಲ್ಲಿ, ಇದೇ ಚಿತ್ರದ ಮುಂದೆ ಸೇರಿ ಅವನನ್ನು ಪಂಥದಿಂದ ಹೊರಹಾಕಿದರು. ಇಷ್ಟು ತಿಳಿದುಕೊಂಡು ನಿಂತರೆ ಹತ್ತು ನಿಮಿಷ ಹೋಗಿದ್ದೇ ಗೊತ್ತಾಗುವುದಿಲ್ಲ. ನಾನು ಕರೆದೊಯ್ದ ಗುಂಪಿನಲ್ಲಿದ್ದ ಒಬ್ಬ ಅಜ್ಜಿ ಆ ಇಬ್ಬರು ಕೈದಿಗಳನ್ನು ತೋರಿಸಿ, ‘ನೆಕ್ಸ್ಟ್ ನಮ್ಮ ಸರದಿ ಅಂತ ಹೆದ್ರಿಕೊಂಡು ನೋಡ್ತಿದ್ದಾರೆ ಪಾಪ’ ಅಂದರು. ಅಷ್ಟು ಸಲ ಆ ಚಿತ್ರ ನೋಡಿದ್ದ ನನಗೆ ಅದು ಹೊಳೆದೇ ಇರಲಿಲ್ಲ.

ಮಧ್ಯಾಹ್ನ 12ಕ್ಕೆ ಕಾಲು ಗಂಟೆ ಮುಂಚೆ ಅಪ್ಪರ್ ಬರಾಕ್ಕಾ ಉದ್ಯಾನದಲ್ಲಿರಿ. ಕೆಳಗಿನ ಫಿರಂಗಿ ಸಾಲಿನಿಂದ ಗುಂಡು ಹಾರಿಸುತ್ತಾರೆ, ಸಂಜೆ 4ಕ್ಕೆ ಇನ್ನೊಮ್ಮೆ. ಬಂದರಿನಲ್ಲಿ ನಿಂತ ಹಡಗುಗಳ ಕ್ಯಾಪ್ಟನ್‌ಗಳು ಹಿಂದೆ ಇದನ್ನು ಕೇಳಿ ಗಡಿಯಾರ ಸರಿ ಮಾಡಿಕೊಳ್ಳುತ್ತಿದ್ದರು. ಶಬ್ದ ಜೋರು, ಅಮ್ಮನಿಗೆ ಮೊದಲೇ ಹೇಳಿರಿ.

ಅದೇ ಉದ್ಯಾನದ ಪಕ್ಕದಲ್ಲಿ 58 ಮೀಟರ್ ಎತ್ತರದ ಲಿಫ್ಟ್ ಇದೆ. ನಿಮ್ಮ ಅಪ್ಪನ ಮೊಣಕಾಲಿಗೆ ಅಂತಲೇ ಇಟ್ಟ ಹಾಗಿದೆ. ಸೀದಾ ನೀರಿನ ಮಟ್ಟಕ್ಕೆ ಇಳಿಸುತ್ತದೆ. ಎರಡನೇ ದಿನ ಇದರಲ್ಲಿ ಇಳಿದು ದೋಣಿ ಹತ್ತಿ. ದೊಡ್ಡ ಫೆರ್ರಿಯೂ ಇದೆ, ಆದರೆ ‘ಡೈಸಾ’ ಅನ್ನುವ ಬಣ್ಣದ ಚಿಕ್ಕ ದೋಣಿಯಲ್ಲಿ ಒಮ್ಮೆಯಾದರೂ ಕೂರಿ. ಹತ್ತುವಾಗ ದೋಣಿಯವನು ಕೈ ಕೊಡುತ್ತಾನೆ. ಕೋಟೆಯ ಗೋಡೆ ಎಷ್ಟು ಎತ್ತರ ಅನ್ನುವುದು ನೀರಿನ ಮೇಲೆ ಕೂತಾಗಲೇ ಗೊತ್ತಾಗುವುದು. ಶತ್ರುವಿನ ಹಡಗಿನಲ್ಲಿ ಬಂದವನಿಗೆ ಏನು ಕಂಡಿರಬೇಕು ಅಂತ ಅಪ್ಪನೇ ನಿಮಗೆ ವಿವರಿಸುತ್ತಾರೆ ನೋಡಿ. ಆಚೆ ದಡದ ಬಿರ್ಗು, ವಾಲೆಟ್ಟಾ ಹುಟ್ಟುವ ಮುಂಚೆ ನೈಟ್‌ಗಳು ಇದ್ದ ಊರು. ಸೇಂಟ್ ಆಂಜೆಲೊ ಕೋಟೆ ಅಲ್ಲೇ ಇದೆ. ಕಾರವಾಜ್ಜೊ ತಪ್ಪಿಸಿಕೊಂಡಿದ್ದು ಅಲ್ಲಿಂದಲೇ. ಅರ್ಧ ದಿನ ಅಲ್ಲಿ ಕಳೆಯಿರಿ.

ಸಂಜೆ ನಗರದ ಬಾಗಿಲ ಹತ್ತಿರ ಬನ್ನಿ. ಮುರಿದ ಕಂಬಗಳ ನಡುವೆ ಬಯಲು ರಂಗಮಂದಿರವಿದೆ. ಅದು ಹಳೆಯ ಒಪೆರಾ ಹೌಸ್, ಎರಡನೇ ಮಹಾಯುದ್ಧದ ಹೊತ್ತಿಗೆ, 1942ರಲ್ಲಿ ಬಾಂಬಿಗೆ ಬಿದ್ದದ್ದು. ಪಕ್ಕದ ಸಂಸತ್ ಭವನವನ್ನೂ ಈ ರಂಗಮಂದಿರವನ್ನೂ ವಿನ್ಯಾಸ ಮಾಡಿದ್ದು ಇಟಲಿಯ ರೆಂಜೊ ಪಿಯಾನೊ. ಅದೇ 1942ರಲ್ಲಿ ಬ್ರಿಟನ್ನಿನ ರಾಜ ಇಡೀ ದ್ವೀಪದ ಜನಕ್ಕೆ ಜಾರ್ಜ್ ಕ್ರಾಸ್ ಎಂಬ ಶೌರ್ಯ ಪದಕ ಕೊಟ್ಟ. ಅದು ಇವತ್ತಿಗೂ ಮಾಲ್ಟಾದ ಬಾವುಟದ ಮೂಲೆಯಲ್ಲಿದೆ. ನಿಜವಾದ ಪದಕ ನೋಡಬೇಕಾದರೆ ಸೇಂಟ್ ಎಲ್ಮೊ ಕೋಟೆಯ ಯುದ್ಧ ಸಂಗ್ರಹಾಲಯಕ್ಕೆ ಹೋಗಿ.

ಹೈಪೋಜಿಯಂ ಬಗ್ಗೆ: ಇವತ್ತೇ ಆನ್‌ಲೈನ್‌ನಲ್ಲಿ ನೋಡಿ. ನೆಲದೊಳಗೆ ಬಂಡೆ ಕೊರೆದು ಮಾಡಿದ, ಐದು ಸಾವಿರ ವರ್ಷಕ್ಕೂ ಹಳೆಯ ಸಮಾಧಿ ಅದು. ಜನರ ಉಸಿರು, ತೇವದಿಂದ ಗೋಡೆಯ ಕೆಂಪು ಬಣ್ಣದ ಚಿತ್ತಾರ ಹಾಳಾಗುತ್ತದೆ ಅಂತ ಒಂದು ಸಲಕ್ಕೆ ಹತ್ತೇ ಜನರನ್ನು ಬಿಡುತ್ತಾರೆ. ವಾರಗಟ್ಟಲೆ ಮುಂಚೆ ಟಿಕೆಟ್ ಮುಗಿದಿರುತ್ತದೆ. ಸಿಗದಿದ್ದರೆ ಬೇಜಾರು ಬೇಡ. ಹತ್ತಿರದಲ್ಲೇ ತಾರ್ಶಿಯೆನ್ ದೇವಾಲಯಗಳಿವೆ. ಗೀಜಾದ ಪಿರಮಿಡ್‌ಗಿಂತ ಹಳೆಯವು, ಕಲ್ಲಿನ ಮೇಲೆ ಸುರುಳಿ ಕೆತ್ತನೆ, ನಡೆಯಲೂ ಸುಲಭ. ಮೆಟ್ಟಿಲಿಳಿಯುವ ಹೈಪೋಜಿಯಂಗಿಂತ ನಿಮ್ಮ ಅಪ್ಪನಿಗೆ ಇದೇ ವಾಸಿ. ಮೂರನೇ ದಿನ ಸಂಜೆ ಎಮ್‌ಡೀನಾ ಇಟ್ಟುಕೊಳ್ಳಿ, ಹಗಲಿನ ಗುಂಪು ಕರಗಿದ ಮೇಲೆ.

ಅಮ್ಮನ ಊಟ. ಮಾಲ್ಟಾದಲ್ಲಿ ಬೀದಿಬೀದಿಗೂ ಸಿಗುವ ತಿಂಡಿ ಪಸ್ತಿತ್ಸಿ. ನಮ್ಮ ಬೇಕರಿ ಪಫ್ಸ್‌ನ ಅಣ್ಣ ಅನ್ನಿ. ಪದರ ಪದರ, ಬಿಸಿಬಿಸಿ, ಕಚ್ಚಿದರೆ ಚೂರೆಲ್ಲ ಮಡಿಲಿಗೆ ಉದುರುತ್ತದೆ. ಒಳಗೆ ರಿಕೊಟಾ ಚೀಸ್ ಅಥವಾ ಬಟಾಣಿ. ರಿಕೊಟಾಕ್ಕೆ ಮೊಟ್ಟೆ ಸೇರಿಸುವವರಿದ್ದಾರೆ, ಅಮ್ಮನಿಗೆ ಬಟಾಣಿಯದ್ದು ಕೊಡಿಸಿ. ಅದಕ್ಕೂ ಮುಂಚೆ ಒಂದು ಮಾತು ಕೇಳಿ: ಹಿಟ್ಟಿಗೆ ಹಂದಿ ಕೊಬ್ಬು ಹಾಕಿದ್ದೀರಾ ಅಂತ. ಹಳೆಯ ಪದ್ಧತಿಯಲ್ಲಿ ಹಾಕುತ್ತಾರೆ. ಅಲ್ಲಿ ಇಂಗ್ಲಿಷ್ ಆಡಳಿತ ಭಾಷೆಯೂ ಹೌದು, ಕೇಳಲು ಕಷ್ಟವಿಲ್ಲ. ಪಾಲಕ್ ತುಂಬಿದ ‘ಅಸ್ಸಾತಾತ್’ ಕಂಡರೆ ಸಸ್ಯಾಹಾರ ಅಂತ ತಗೊಂಡುಬಿಡಬೇಡಿ, ಸಾಮಾನ್ಯವಾಗಿ ಅದರಲ್ಲಿ ಮೀನಿರುತ್ತದೆ. ಫ್ತೀರಾ ರೊಟ್ಟಿಗೂ ಟೂನಾ ಮೀನು ಹಾಕುವುದೇ ರೂಢಿ, ಬೇಡ ಅಂದರೆ ಟೊಮ್ಯಾಟೊ, ಆಲಿವ್ ಎಣ್ಣೆ ಹಚ್ಚಿ ಕೊಡುತ್ತಾರೆ. ಬಿಜಿಲ್ಲಾ ಅಂತ ಕಾಳು ಬೇಯಿಸಿ, ಬೆಳ್ಳುಳ್ಳಿ ಹಾಕಿ ಅರೆದ ಚಟ್ನಿಯಂಥದ್ದು ಸಿಗುತ್ತದೆ, ಅದು ಅಮ್ಮನಿಗೆ ಖಂಡಿತ ಹಿಡಿಸುತ್ತದೆ. ಖರ್ಜೂರದ ಹೂರಣ ತುಂಬಿ ಎಣ್ಣೆಯಲ್ಲಿ ಕರಿದ ಇಮ್‌ಆರೆಟ್ ಕೂಡ. ಇನ್ನು ಟೀ. ಹಳೇ ಅಂಗಡಿಗಳಲ್ಲಿ ‘ಟೆ ಫಿತ್ ತಾತ್ಸಾ’ ಅಂತ ಕೇಳಿ. ಗಾಜಿನ ಲೋಟದಲ್ಲಿ ಗಟ್ಟಿ ಹಾಲಿನ ಟೀ ಬರುತ್ತದೆ. ಮ್ಯಾಂಚೆಸ್ಟರ್‌ನಲ್ಲಿ ಟೀ ಬ್ಯಾಗ್ ಕುಡಿದು ಬೇಸತ್ತ ಅಪ್ಪ, ಅಮ್ಮನಿಗೆ ಬೆಳಿಗ್ಗೆ ಆರಕ್ಕೆ ಬೇಕಾಗುವುದು ಅದೇ.

ಕೊನೆಯದಾಗಿ ವೀಸಾ. ಇದನ್ನು ತಡ ಮಾಡಬೇಡಿ. ಮಾಲ್ಟಾ ಷೆಂಗೆನ್ ದೇಶ, ಅಂದರೆ ಒಂದೇ ವೀಸಾ ನಡೆಯುವ ಯುರೋಪಿನ ದೇಶಗಳ ಗುಂಪಿನದು. ಬ್ರಿಟನ್ ವೀಸಾ ಅಲ್ಲಿ ನಡೆಯುವುದಿಲ್ಲ. ಅಪ್ಪ, ಅಮ್ಮ ಭಾರತದಲ್ಲಿರುವಾಗಲೇ ಷೆಂಗೆನ್ ವೀಸಾ ಮಾಡಿಸಿಕೊಂಡು ಬರಲಿ. ವಿಸಿಟರ್ ವೀಸಾದಲ್ಲಿ ಬ್ರಿಟನ್ನಿಗೆ ಬಂದವರು ಅಲ್ಲಿಂದ ಅರ್ಜಿ ಹಾಕುವುದು ತುಂಬ ಕಷ್ಟ. ನೀವಿಬ್ಬರೂ ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡಿದ್ದರೆ ನಿಮಗೂ ವೀಸಾ ಬೇಕು. ಒಂದು ಸಮಾಧಾನ, ಪ್ಲಗ್ಗು ಬ್ರಿಟನ್ನಿನ ಥರದ್ದೇ. ನಿಮ್ಮ ಚಾರ್ಜರ್ ಹಾಗೇ ನಡೆಯುತ್ತದೆ.

ಪ್ರಶ್ನೆ: ನಾವು ಮೈಸೂರಿನವರು. ಮೂರೇ ದಿನಕ್ಕೆ ಅಷ್ಟು ದೂರ ವಾಲೆಟ್ಟಾಕ್ಕೆ ಹೋಗುವುದು ದಂಡವಾ?

ಬರೀ ಮೂರು ದಿನಕ್ಕಾದರೆ ಹೌದು. ಬೆಂಗಳೂರಿನಿಂದ ನೇರ ವಿಮಾನವಿಲ್ಲ, ಎಲ್ಲಾದರೂ ಇಳಿದು ಬದಲಿಸಬೇಕು. ಇಷ್ಟು ಖರ್ಚು ಮಾಡಿ ಹೋದಮೇಲೆ ಪಕ್ಕದ ಇಟಲಿಯ ದ್ವೀಪ ಸಿಸಿಲಿ ಸೇರಿಸಿಕೊಳ್ಳಿ. ವಾಲೆಟ್ಟಾದಿಂದ ಸಿಸಿಲಿಯ ಪೊಝಾಲ್ಲೊಗೆ ವೇಗದ ಹಡಗಿದೆ, ಎರಡು ಗಂಟೆಯೊಳಗೆ ತಲುಪುತ್ತೀರಿ. ಆದರೆ ಜಾಸ್ತಿ ದಿನ ಯಾವ ದೇಶದಲ್ಲಿರುತ್ತೀರೋ ಆ ದೇಶಕ್ಕೇ ವೀಸಾ ಅರ್ಜಿ ಹಾಕಬೇಕು. ಸಿಸಿಲಿಯಲ್ಲಿ ಐದು ದಿನ, ಮಾಲ್ಟಾದಲ್ಲಿ ಮೂರು ದಿನ ಅಂದರೆ ಇಟಲಿಗೆ. ಕನಿಷ್ಠ 30,000 ಯೂರೋ ಮೊತ್ತದ ಪ್ರಯಾಣ ವಿಮೆ ಕಡ್ಡಾಯ. ಪ್ರಯಾಣಕ್ಕೆ ಆರು ತಿಂಗಳು ಮುಂಚಿನಿಂದ ಅರ್ಜಿ ಹಾಕಬಹುದು. ಬೇಸಿಗೆ ರಜೆಯ ಹೊತ್ತಿಗೆ ವೀಸಾ ಕೇಂದ್ರದಲ್ಲಿ ತಾರೀಕು ಸಿಗುವುದೇ ಕಷ್ಟ, ಫೆಬ್ರವರಿಗೇ ಶುರು ಮಾಡಿ.

ಪ್ರಶ್ನೆ: ಜರ್ಮನಿಯಲ್ಲಿ ಓದುತ್ತಿದ್ದೇನೆ. ಆಗಸ್ಟ್‌ನಲ್ಲಿ ಮಾತ್ರ ರಜೆ. ಒಬ್ಬಳೇ ಹೋಗಬಹುದಾ?

ಧಾರಾಳವಾಗಿ ಹೋಗಿ. ಬಿಸಿಲು ಮಾತ್ರ ವಿಪರೀತ. ತಿಳಿ ಹಳದಿ ಸುಣ್ಣದ ಕಲ್ಲಿನ ಊರು, ಮಧ್ಯಾಹ್ನ ಬೀದಿಯೇ ಕಾವಲಿ. ಬೆಳಿಗ್ಗೆ ಹತ್ತರೊಳಗೆ ತಿರುಗಾಟ ಮುಗಿಸಿ, ನಾಲ್ಕರ ತನಕ ಸಂಗ್ರಹಾಲಯದಲ್ಲೋ ರೂಮಿನಲ್ಲೋ ಇರಿ. ದುಡ್ಡು ಉಳಿಸಬೇಕಾದರೆ ಸ್ಲೀಮಾದಲ್ಲಿ ಉಳಿದುಕೊಳ್ಳಿ, ಫೆರ್ರಿ ಹತ್ತಿದರೆ ಸುಮಾರು ಹತ್ತು ನಿಮಿಷಕ್ಕೆ ವಾಲೆಟ್ಟಾ. ನಲ್ಲಿ ನೀರಿನಲ್ಲಿ ಸಮುದ್ರದ ನೀರನ್ನು ಸೋಸಿದ್ದೇ ಜಾಸ್ತಿ. ಕುಡಿಯಬಹುದು, ಆದರೆ ರುಚಿ ಸ್ವಲ್ಪ ಉಪ್ಪುಪ್ಪು.

ಆದರೆ ಸಾಧ್ಯವಾದರೆ ಆಗಸ್ಟ್ 15 ಅಲ್ಲೇ ಇರಿ. ಅಲ್ಲೂ ಅವತ್ತು ಸರಕಾರಿ ರಜೆ, ಸಾಂತಾ ಮರೀಯಾ ಹಬ್ಬ. ಊರೂರಲ್ಲಿ ಬ್ಯಾಂಡು, ಪಟಾಕಿ. ಬಸ್ಸುಗಳ ವೇಳೆ ಬದಲಾಗಿರಬಹುದು, ನೋಡಿಕೊಳ್ಳಿ. ವಯಸ್ಸಾದವರನ್ನು ಮಾತಾಡಿಸಿದರೆ ಆ ದಿನದ ಇನ್ನೊಂದು ಕಥೆ ಹೇಳುತ್ತಾರೆ. 1942ರಲ್ಲಿ ದ್ವೀಪದಲ್ಲಿ ಅನ್ನ, ಇಂಧನ ಎರಡೂ ಮುಗಿಯುತ್ತಾ ಬಂದಿತ್ತು. ಬಾಂಬ್ ದಾಳಿಗೆ ಜರ್ಜರಿತವಾದ ‘ಒಹಾಯೊ’ ಅನ್ನುವ ಎಣ್ಣೆ ಹಡಗನ್ನು ಎರಡು ಯುದ್ಧನೌಕೆಗಳ ನಡುವೆ ಕಟ್ಟಿ, ಇನ್ನೇನು ಮುಳುಗುತ್ತದೆ ಅನ್ನುವ ಸ್ಥಿತಿಯಲ್ಲಿ ವಾಲೆಟ್ಟಾದ ದೊಡ್ಡ ಬಂದರು ಗ್ರ್ಯಾಂಡ್ ಹಾರ್ಬರ್‌ಗೆ ತಂದರು. ಅದು ಬಂದಿದ್ದು ಆಗಸ್ಟ್ 15ರ ಬೆಳಿಗ್ಗೆ. ಜನ ಕೋಟೆ ಗೋಡೆಗಳ ಮೇಲೆ ಸಾಲಾಗಿ ನಿಂತು ನೋಡುತ್ತಿದ್ದರು. ಬೆಳಿಗ್ಗೆ ಬೇಗ ಎದ್ದು ಅಪ್ಪರ್ ಬರಾಕ್ಕಾಗೆ ಹೋಗಿ, ಬಂದರು ಕಾಣುವ ಕಟಕಟೆಯ ಹತ್ತಿರ ನಿಲ್ಲಿ.